ವೇಲ್ಸ್‌ನ ಕೆನಿಕ್ಸ್‌ಟನ್ ಮನೆಯ ಗೋಡೆಗಳು ಯಾಕೆ ಅಷ್ಟು ಕೆಂಪು? ಅದು ಎಷ್ಟು ಹಳೆಯ ಮನೆ?

ಕೆಟ್ಟ ಶಕ್ತಿಗಳು ಹತ್ತಿರ ಸುಳಿಯದಿರಲಿ ಅಂತ. ಕೆಂಪು ಬಣ್ಣ ಮನೆ ಕಾಯುತ್ತದೆ ಎಂದು ಅಲ್ಲಿನ ಜನ ನಂಬಿದ್ದರು. ತೋಟದಲ್ಲಿ ರೋವನ್ ಮರ ಇರುವುದೂ ಇದಕ್ಕೇ. ಅದರ ಹಣ್ಣೂ ಕೆಂಪು, ನೋಡಿ.

ಇದು ದಕ್ಷಿಣ ವೇಲ್ಸ್‌ನ ಗವರ್ ಪರ್ಯಾಯ ದ್ವೀಪದಲ್ಲಿದ್ದ ರೈತನ ಮನೆ. ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಮೊದಲ ಭಾಗ 1610ರದ್ದು. ಸುಮಾರು 1680ರಲ್ಲಿ ಒಂದಿಷ್ಟು, 1750ರ ಹೊತ್ತಿಗೆ ಇನ್ನೊಂದಿಷ್ಟು ಸೇರಿತು. ಕೈಯಲ್ಲಿ ದುಡ್ಡು ಓಡಾಡಿದಂತೆಲ್ಲ ಮನೆಯೂ ಬೆಳೆದಿರಬೇಕು.

ದಪ್ಪ ಕಲ್ಲಿನ ಗೋಡೆ, ಹುಲ್ಲಿನ ಮಾಡು. ಆ ಹೊದಿಕೆಯ ಕೆಳಗೆ ಹುಲ್ಲಿನಿಂದಲೇ ಹೆಣೆದ ಚಾಪೆ. ನನಗೆ ಜಾಸ್ತಿ ಹಿಡಿಸುವುದು ಒಲೆ ಪಕ್ಕದ ಹಾಸಿಗೆ. ಗೋಡೆಗೆ ಸೇರಿಸಿ ಮರದ ಕಪಾಟಿನಂತೆ ಮಾಡಿದ್ದಾರೆ. ಒಲೆಯ ಕಾವು ಸುಮ್ನೆ ಪೋಲಾಗುವುದಿಲ್ಲ. ಅಲ್ಲಿನ ಚಳಿ-ಮಳೆಗೆ ಜಾಣ ಉಪಾಯ, ಅಲ್ವಾ?

ಈಗ ಮನೆ ಗವರ್‌ನಲ್ಲಿಲ್ಲ. 1950ರ ದಶಕದಲ್ಲಿ ಬಿಚ್ಚಿ, ಕಾರ್ಡಿಫ್ ಬಳಿಯ ಸೇಂಟ್ ಫ್ಯಾಗನ್ಸ್ ಬಯಲು ಮ್ಯೂಸಿಯಂನಲ್ಲಿ ಮತ್ತೆ ಕಟ್ಟಿದರು. ಹೀಗೆ ತಂದು ನಿಲ್ಲಿಸಿದ ಹಳೆಯ ಕಟ್ಟಡಗಳು ಅಲ್ಲಿ 40ಕ್ಕೂ ಹೆಚ್ಚಿವೆ. ನೋಡಲು ಟಿಕೆಟ್ ಇಲ್ಲ, ಕಾರು ನಿಲ್ಲಿಸಲು ಮಾತ್ರ ದುಡ್ಡು ಕೊಡಬೇಕು.