ಔಸ್‌ಬಿಲ್ಡುಂಗ್ ಇಂಟರ್‌ವ್ಯೂಗೆ ಕೂರುವ ಮುಂಚೆ

ತಮ್ಮಾ, ನೀನು ಕೇಳಿದ್ದು ಇಷ್ಟು: ಐಟಿಐ ಎಲೆಕ್ಟ್ರಿಷಿಯನ್ ಮುಗಿದಿದೆ, ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತ) ಪರೀಕ್ಷೆ ಪಾಸಾಗಿದೆ, ಮುಂದಿನ ತಿಂಗಳು ಜರ್ಮನಿಯ ಒಂದು ಸಣ್ಣ ಕಂಪನಿಯವರು ಎಲೆಕ್ಟ್ರಿಷಿಯನ್ ಔಸ್‌ಬಿಲ್ಡುಂಗ್‌ಗೆ (ಕಂಪನಿಯಲ್ಲಿ ಕೆಲಸ ಮಾಡುತ್ತಾ, ವೃತ್ತಿ ಶಾಲೆಯಲ್ಲಿ ಓದುತ್ತಾ ಕಲಿಯೋ ತರಬೇತಿಗೆ) ವಿಡಿಯೋ ಕಾಲ್‌ನಲ್ಲಿ ಇಂಟರ್‌ವ್ಯೂ ಮಾಡುತ್ತಾರೆ, ಏನು ಓದಿಕೊಳ್ಳಲಿ? ನಾನೂ ಇದೇ ದಾರಿಯಲ್ಲಿ ಬಂದವನು. ಮೂರೂವರೆ ವರ್ಷ ಕಲಿತು ಇಲ್ಲೇ ಕೆಲಸಕ್ಕೆ ಸೇರಿದೆ.

ಮೊದಲು ಬಾಯಿಪಾಠ ಬಿಡು. ‘ನಾನು ತುಂಬಾ ಶ್ರಮ ಪಡುತ್ತೇನೆ, ಜರ್ಮನಿ ಅಂದರೆ ನನಗೆ ಇಷ್ಟ’ ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ನಿನ್ನ ಕೈ ಏನು ಕೆಲಸ ಮಾಡಿದೆ ಅನ್ನೋದು ಮೈಸ್ಟರ್‌ಗೆ, ಅಂದರೆ ಕೆಲಸ ಕಲಿಸೋ ಹಿರಿಯ ಕುಶಲಕರ್ಮಿಗೆ, ಬೇಕು. ಮಾವನ ಜೊತೆ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿಗೆ ಹೋಗ್ತಿದ್ದೆ ಅಂತ ಬರೆದಿದ್ದೀಯಲ್ಲ, ಅದನ್ನೇ ಹೇಳು. ಮೋಟರ್ ಯಾಕೆ ಶುರುವಾಗಲಿಲ್ಲ, ಮೊದಲು ಏನು ನೋಡಿದೆ, ರಿಲೇ ಟ್ರಿಪ್ ಆಗಿತ್ತಾ ಇಲ್ಲ ಕಾಂಟ್ಯಾಕ್ಟ್ ಸುಟ್ಟಿತ್ತಾ, ಅದು ನಿನಗೆ ಹೇಗೆ ಗೊತ್ತಾಯ್ತು. ಸಣ್ಣ ಸಣ್ಣ ವಾಕ್ಯ ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಸುಮ್ನೆ ತಲೆ ಆಡಿಸಬೇಡ, ಇನ್ನೊಮ್ಮೆ ಹೇಳಿ ಅಂತ ಕೇಳು. ಸೈಟಲ್ಲಿ ಅರ್ಥವಾಗದೆ ‘ಹೂಂ’ ಅನ್ನೋ ಹುಡುಗನನ್ನು ಕಂಡರೆ ಅವರಿಗೆ ಭಯ.

ನನ್ನ ಇಂಟರ್‌ವ್ಯೂನಲ್ಲಿ ಮೈಸ್ಟರ್ ಒಂದು ತುಂಡು ಕೇಬಲ್ ಕ್ಯಾಮೆರಾ ಮುಂದೆ ಹಿಡಿದು, ಕಪ್ಪು ವೈರ್ ಮೇಲೆ ಬೆರಳಿಟ್ಟು, ಇದೇನು ಅಂದರು. ನ್ಯೂಟ್ರಲ್ ಅಂದೆ. ನಮ್ಮ ಮನೆ ವೈರಿಂಗಲ್ಲಿ ಕಪ್ಪು ನ್ಯೂಟ್ರಲ್ಲೇ ಅಲ್ವಾ? ಇಲ್ಲಿ ಕಂದು, ಕಪ್ಪು, ಬೂದು ಮೂರೂ ಫೇಸ್. ನ್ಯೂಟ್ರಲ್ ನೀಲಿ, ಅರ್ಥಿಂಗ್ ಹಸಿರು-ಹಳದಿ. ನಮ್ಮಲ್ಲಿ ಫೇಸ್ ಆಗಿರೋ ನೀಲಿ ಇಲ್ಲಿ ನ್ಯೂಟ್ರಲ್, ನಮ್ಮ ನ್ಯೂಟ್ರಲ್‌ನ ಕಪ್ಪು ಇಲ್ಲಿ ಫೇಸ್. ಅಭ್ಯಾಸದಲ್ಲಿ ಕೈ ಹಾಕಿದರೆ ಜೀವವೇ ಹೋಗಬಹುದು. ಇದನ್ನು ಈಗಲೇ ತಲೆಯಲ್ಲಿ ಕೂರಿಸಿಕೋ.

ಐದು ಸುರಕ್ಷತಾ ನಿಯಮ ಇದೇ ಕ್ರಮದಲ್ಲಿ ಜರ್ಮನ್‌ನಲ್ಲೇ ಬರಬೇಕು: ಸಪ್ಲೈ ಪೂರ್ತಿ ಕಡಿದುಹಾಕು, ಬೇರೆ ಯಾರೂ ಮತ್ತೆ ಆನ್ ಮಾಡದ ಹಾಗೆ ನೋಡಿಕೋ, ಕರೆಂಟ್ ಇಲ್ಲ ಅಂತ ಅಳೆದು ಖಾತ್ರಿ ಮಾಡಿಕೋ, ಅರ್ಥಿಂಗ್ ಮತ್ತು ಶಾರ್ಟ್ ಮಾಡು, ಪಕ್ಕದಲ್ಲಿ ಕರೆಂಟ್ ಇರೋ ಭಾಗ ಮುಚ್ಚು. ಅಳೆಯೋಕೆ ನಮ್ಮ ಸ್ಕ್ರೂಡ್ರೈವರ್ ಟೆಸ್ಟರ್ ಇಲ್ಲಿ ನಡೆಯಲ್ಲ, ಎರಡು ಮೊನೆಯ ಟೆಸ್ಟರೇ ಬೇಕು. ಇದನ್ನು ನೀನಾಗಿ ಹೇಳಿದರೆ ಮೈಸ್ಟರ್ ಮುಖದಲ್ಲೇ ಗೊತ್ತಾಗುತ್ತೆ.

ದುಡ್ಡಿನ ವಿಷಯ. 2025ರಲ್ಲಿ ಶುರು ಮಾಡಿದವರಿಗೆ ಮೊದಲ ವರ್ಷದ ಕಾನೂನುಬದ್ಧ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 682 ಯೂರೋ ಇತ್ತು. ತರಬೇತಿಗೆ ಅಂತ ಕಂಪನಿ ನಿನ್ನ ಹತ್ತಿರ ಹಣ ಕೇಳುವ ಹಾಗಿಲ್ಲ. ಯಾರಾದರೂ ಅದೇ ಹೆಸರಲ್ಲಿ ಲಕ್ಷಗಟ್ಟಲೆ ಕೇಳಿದರೆ ಅಪ್ಪನಿಗೆ ಹೊಲ ಅಡವಿಡೋಕೆ ಬಿಡಬೇಡ.

ಕೊನೆಗೆ ಏನಾದರೂ ಕೇಳಬೇಕಾ ಅಂತಾರೆ, ಇಲ್ಲ ಅನ್ನಬೇಡ. ವೃತ್ತಿ ಶಾಲೆ ವಾರದಲ್ಲಿ ಒಂದೆರಡು ದಿನವೋ, ಒಟ್ಟಿಗೆ ಕೆಲವು ವಾರವೋ? ಪ್ರೊಬೇಷನ್ ಎಷ್ಟು ತಿಂಗಳು (ನಾಲ್ಕಕ್ಕಿಂತ ಜಾಸ್ತಿ ಇಡುವಂತಿಲ್ಲ)? ಸೈಟಲ್ಲಿ ನಾನು ಯಾರ ಜೊತೆ ಇರುತ್ತೇನೆ?

ಸ್ಟಾರ್ಟರ್ ರಿಪೇರಿ ಕಥೆಯನ್ನು ಜರ್ಮನ್‌ನಲ್ಲಿ ಹತ್ತು ಸಾಲು ಬರೆದು ಭಾನುವಾರದೊಳಗೆ ಕಳಿಸು, ತಿದ್ದಿ ಕೊಡುತ್ತೇನೆ.