ಮೆಟ್ಟಿಲಿಳಿದ ಅಣ್ಣತಮ್ಮ, ನಾವು ಮರೆತ ಅಕ್ಕ

ಸಂಪಾದಕರ ಉತ್ತರ

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಹಿಂದಿನ ಸಂಚಿಕೆಯಲ್ಲಿ ಹಾಲಿವುಡ್ಡಿನ ಫ್ರೆಡ್ ಅಸ್ಟೇರ್ ಅವರನ್ನು ಟ್ಯಾಪ್ ಕುಣಿತದ, ಅಂದರೆ ತಗಡಿನ ಶೂ ತೊಟ್ಟು ಕಾಲಲ್ಲೇ ತಾಳ ಬಾರಿಸುವ ಕುಣಿತದ, ದೊರೆ ಎಂದು ಬರೆದಿರಿ. ಮೊನ್ನೆ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಹಳೇ ಸಿನಿಮಾದ ತುಣುಕೊಂದು ತೋರಿಸಿದಳು. ಕೋಟು ತೊಟ್ಟ ಇಬ್ಬರು ಕಪ್ಪು ಯುವಕರು ಒಬ್ಬರ ತಲೆ ಮೇಲಿಂದ ಒಬ್ಬರು ಹಾರುತ್ತಾ ಮೆಟ್ಟಿಲಿಳಿಯುತ್ತಾರೆ. ಇವರ ಮುಂದೆ ನಿಮ್ಮ ದೊರೆ ಯಾವ ಲೆಕ್ಕ? ಇದು ನಿಜವೋ, ಕ್ಯಾಮೆರಾ ಕೈಚಳಕವೋ? ಇವರು ಒಡಹುಟ್ಟಿದವರೋ, ಸುಮ್ನೆ 'ನಿಕೋಲಸ್ ಬ್ರದರ್ಸ್' ಅಂತ ಹೆಸರಿಟ್ಟುಕೊಂಡವರೋ? ಮೊಮ್ಮಗಳು ಬೇರೆ ನಾನೂ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ."

ಮೇಷ್ಟ್ರೇ, ಕೈಚಳಕ ಅಲ್ಲ. ಒಡಹುಟ್ಟಿದವರೇ. ಅಣ್ಣ ಫಯಾರ್ಡ್ ನಿಕೋಲಸ್, ತಮ್ಮ ಹೆರಾಲ್ಡ್. ಅಣ್ಣ ಹುಟ್ಟಿದ್ದು 1914ರಲ್ಲಿ, ತಮ್ಮ 1921ರಲ್ಲಿ. ನೀವು ನೋಡಿದ್ದು 1943ರ 'ಸ್ಟಾರ್ಮಿ ವೆದರ್' ಚಿತ್ರದ ದೃಶ್ಯ.

ನಿಮ್ಮ ಸಂಶಯ ಮಾತ್ರ ತಪ್ಪಲ್ಲ. ಆ ಕಾಲದ ಅಮೆರಿಕದಲ್ಲಿ 'ಬ್ರದರ್ಸ್' ಅನ್ನುವುದು ಒಳ್ಳೆ ವ್ಯಾಪಾರದ ಹೆಸರು. 'ಫೋರ್ ಸ್ಟೆಪ್ ಬ್ರದರ್ಸ್' ಅಂತ ಹೆಸರಾಂತ ಟ್ಯಾಪ್ ತಂಡವೊಂದಿತ್ತು. ಅವರಲ್ಲಿ ಒಬ್ಬನಿಗೂ ಇನ್ನೊಬ್ಬನಿಗೂ ರಕ್ತಸಂಬಂಧವೇ ಇರಲಿಲ್ಲ.

ನಿಕೋಲಸ್ ಹುಡುಗರ ಅಪ್ಪ ಡ್ರಮ್ ಬಾರಿಸುತ್ತಿದ್ದರು, ಅಮ್ಮ ಪಿಯಾನೊ ನುಡಿಸುತ್ತಿದ್ದರು. ಫಿಲಡೆಲ್ಫಿಯಾದ ಸ್ಟ್ಯಾಂಡರ್ಡ್ ಥಿಯೇಟರಿನಲ್ಲಿ ವಾದ್ಯಮೇಳ ಅವರದೇ. ಫಯಾರ್ಡ್ ಮುಂದಿನ ಸಾಲಿನಲ್ಲಿ ಕೂತು ಬಂದುಹೋದ ಕಲಾವಿದರನ್ನೆಲ್ಲ ನೋಡುತ್ತಿದ್ದ. ಮನೆಗೆ ಬಂದು ಅದನ್ನೇ ಮಾಡುತ್ತಿದ್ದ. ಪಾಠ ಹೇಳಿದ ಗುರು ಯಾರೂ ಇಲ್ಲ. ಅವನು ಕಲಿತದ್ದನ್ನು ತಮ್ಮನಿಗೆ ಕಲಿಸಿದ. ಮೊದಲು ತಂಗಿ ಡೊರೊತಿಯೂ ಜೊತೆಗಿದ್ದಳು, ಆಮೇಲೆ ಬಿಟ್ಟಳು. 1932ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಸೇರಿದಾಗ ಹೆರಾಲ್ಡನಿಗೆ 11 ವರ್ಷ. ಆ ಕ್ಲಬ್ಬಿನ ವೇದಿಕೆ ಮೇಲೆ ಕಪ್ಪು ಜನ, ಕುರ್ಚಿಯಲ್ಲಿ ಬಿಳಿಯರು. ಕುಣಿಯುವವರ ಅಪ್ಪ-ಅಮ್ಮ ಗಿರಾಕಿಗಳಾಗಿ ಒಳಗೆ ಬರುವಂತಿರಲಿಲ್ಲ.

ಈಗ ಆ ಮೆಟ್ಟಿಲು. ದಯವಿಟ್ಟು ಇನ್ನೊಮ್ಮೆ ನೋಡಿ. ಈ ಸಲ ಕಾಲನ್ನಲ್ಲ, ಕೈಯನ್ನು ನೋಡಿ. ವಾದ್ಯಮೇಳದ ನಾಯಕ, ಹಾಡುಗಾರ ಕ್ಯಾಬ್ ಕ್ಯಾಲೊವೆ ಹಾಡು ಮುಗಿಸುತ್ತಾರೆ. ಇಬ್ಬರೂ ವಾದ್ಯದವರ ನಡುವೆ ನುಗ್ಗಿ, ಪಿಯಾನೊ ಮೇಲೂ ಹತ್ತಿ ಕುಣಿದು, ಕೊನೆಗೆ ಆ ದೊಡ್ಡ ಮೆಟ್ಟಿಲಿಗೆ ಬರುತ್ತಾರೆ. ಒಬ್ಬ ಇನ್ನೊಬ್ಬನ ತಲೆ ಮೇಲಿಂದ ಹಾರಿ ಕೆಳಗಿನ ಮೆಟ್ಟಿಲಿಗೆ ಬೀಳುತ್ತಾನೆ. ಬೀಳುವುದು ಕಾಲೂರಿ ಅಲ್ಲ, ಒಂದು ಕಾಲು ಮುಂದೆ, ಒಂದು ಹಿಂದೆ, ಪೂರ್ತಿ ಚಾಚಿ. ಅಲ್ಲಿಂದ ಏಳುವಾಗ ನಾನು ನೀವಾದರೆ ಅಂಗೈ ನೆಲಕ್ಕೂರುತ್ತೇವೆ, ಅಲ್ವಾ? ಇವರು ಊರುವುದಿಲ್ಲ. ಕೈ ಮೇಲೇ ಇರುತ್ತದೆ, ಚೆಲುವಾಗಿ. ತೊಡೆಯ ಬಲದಲ್ಲೇ ದೇಹ ಎದ್ದು ನಿಲ್ಲುತ್ತದೆ, ನೂಲು ಹಿಡಿದು ಯಾರೋ ಮೇಲಿಂದ ಎಳೆದ ಹಾಗೆ. ಅಷ್ಟರಲ್ಲಿ ಇನ್ನೊಬ್ಬ ಹಾರಿಯಾಗಿರುತ್ತದೆ. ನೃತ್ಯ ಸಂಯೋಜಕ ನಿಕ್ ಕ್ಯಾಸಲ್ ಅಭ್ಯಾಸವೇ ಬೇಡ ಎಂದರಂತೆ, ಒಂದೇ ಟೇಕಿನಲ್ಲಿ ಮುಗಿಯಿತಂತೆ. ಇದು ಫಯಾರ್ಡ್ ಅವರೇ ಹೇಳಿಕೊಂಡು ಬಂದ ಮಾತು.

ಹೊರಗಿನವನೊಬ್ಬ ನಿಮ್ಮ ತಲೆ ಮೇಲಿಂದ ಹಾರುತ್ತಾನೆಂದರೆ ಕುತ್ತಿಗೆ ತಾನಾಗಿ ಕುಗ್ಗುತ್ತದೆ. ಫಯಾರ್ಡ್ ಕುಗ್ಗುವುದಿಲ್ಲ. ತಮ್ಮ ಎಲ್ಲಿ ಬೀಳುತ್ತಾನೆ ಅಂತ ಅವರಿಗೆ ಗೊತ್ತು. ಅವನು ಕಾಲಿಡಲು ಕಲಿತದ್ದೇ ಅವರನ್ನು ನೋಡಿ.

ಹಾಗಾದರೆ ಇಂಥವರ ಹೆಸರು ಅಸ್ಟೇರ್ ಹೆಸರಿನಷ್ಟು ಯಾಕೆ ಹಬ್ಬಲಿಲ್ಲ? ಹಾಲಿವುಡ್ ಇವರಿಗೆ ಕಥೆಯೊಳಗೆ ಜಾಗ ಕೊಟ್ಟದ್ದು ತೀರಾ ಕಡಿಮೆ. ಬರುತ್ತಾರೆ, ಕುಣಿಯುತ್ತಾರೆ, ಹೋಗುತ್ತಾರೆ. ದಕ್ಷಿಣದ ರಾಜ್ಯಗಳ ಥಿಯೇಟರುಗಳಲ್ಲಿ ಕಪ್ಪು ಜನರ ದೃಶ್ಯ ಬೇಡವೆಂದರೆ ಆ ತುಂಡು ಕತ್ತರಿಸಬಹುದು, ಕಥೆಗೇನೂ ತೊಂದರೆಯಾಗದು. ನಿಮ್ಮ ಮೊಮ್ಮಗಳಿಗೆ ಸಿಕ್ಕಿದ್ದೂ ಬಿಡಿ ತುಣುಕೇ ಅಲ್ವಾ. ಆದರೆ 'ಸ್ಟಾರ್ಮಿ ವೆದರ್' ಚಿತ್ರದಲ್ಲಿ ಮುಖ್ಯ ಪಾತ್ರದವರೆಲ್ಲ ಕಪ್ಪು ಜನರೇ ಆದ್ದರಿಂದ ಹಾಗೆ ಕತ್ತರಿಸಲು ಬರುತ್ತಿರಲಿಲ್ಲ. ಇದರ ನಾಯಕ ಬಿಲ್ ರಾಬಿನ್ಸನ್, ಅಂದರೆ 'ಬೊಜಾಂಗಲ್ಸ್'. ಮೆಟ್ಟಿಲ ಮೇಲಿನ ಟ್ಯಾಪಿಗೆ ಮೊದಲು ಹೆಸರು ತಂದವರೇ ಅವರು. ಅವರು ಹುಟ್ಟಿದ ಮೇ 25ನ್ನು ಅಮೆರಿಕ 1989ರಿಂದ ಟ್ಯಾಪ್ ದಿನವೆಂದು ಆಚರಿಸುತ್ತಿದೆ.

ದೊರೆ ವಿಷಯ. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಆದರೆ ನೀವು ಹೇಳಿದ ಕಾರಣಕ್ಕಲ್ಲ. ಮೆಟ್ಟಿಲಿನ ಆ ದೃಶ್ಯಕ್ಕಿಂತ ಉತ್ತಮವಾದದ್ದನ್ನು ಸಿನಿಮಾದಲ್ಲಿ ನೋಡಿಲ್ಲವೆಂದು ಅಸ್ಟೇರ್ ಅವರೇ ಅಣ್ಣತಮ್ಮನಿಗೆ ಹೇಳಿದರೆಂಬುದು ಪ್ರಸಿದ್ಧ ಮಾತು. ಅದೇ ಅಸ್ಟೇರ್ 1936ರ ಚಿತ್ರವೊಂದರಲ್ಲಿ ಬೊಜಾಂಗಲ್ಸ್ ಹೆಸರಿನ ಹಾಡಿಗೆ, ಬಿಳಿಯರು ಕಪ್ಪು ಜನರನ್ನು ಅಣಕಿಸುತ್ತಿದ್ದ ಹಳೇ ರಂಗಪದ್ಧತಿಯಂತೆ, ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿದರು. ಗೌರವಕ್ಕೆ ಮಾಡಿದ್ದು ಅನ್ನುತ್ತಾರೆ. ನನಗೆ ನೋಡಲು ಕಷ್ಟವಾಗುತ್ತದೆ.

ನಮ್ಮ ನಿಜವಾದ ತಪ್ಪು ಬೇರೆ. ನೀವು ಅದನ್ನು ಹಿಡಿಯಲಿಲ್ಲ. ನಾವು ಅಸ್ಟೇರ್ ಬಗ್ಗೆ ಒಂದು ಪುಟ ಬರೆದು ಅವರ ಅಕ್ಕನ ಹೆಸರನ್ನೇ ಬಿಟ್ಟೆವು. ಅಡೆಲ್ ಹುಟ್ಟಿದ್ದು 1896ರಲ್ಲಿ, ಫ್ರೆಡ್ 1899ರಲ್ಲಿ, ಅಮೆರಿಕದ ಒಮಾಹಾ ಊರಿನಲ್ಲಿ. ಅಪ್ಪ ಆಸ್ಟ್ರಿಯಾದಿಂದ ವಲಸೆ ಬಂದವರು, ಬಿಯರ್ ವ್ಯಾಪಾರದಲ್ಲಿದ್ದರು. ಕುಣಿಯುವ ಚುರುಕಿದ್ದದ್ದು ಹುಡುಗಿಗೆ. ಅವಳಿಗಾಗಿಯೇ ಅಮ್ಮ 1905ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ನ್ಯೂಯಾರ್ಕಿಗೆ ಹೊರಟದ್ದು. ಐದು ವರ್ಷದ ತಮ್ಮ ಜೊತೆಗೆ ಹೋದ, ಅಷ್ಟೇ. ನಡುವೆ ಅಕ್ಕ ಒಮ್ಮೆಲೇ ಎತ್ತರವಾಗಿಬಿಟ್ಟಳು, ಜೋಡಿ ಚೆನ್ನಾಗಿ ಕಾಣದೆ ಎರಡು ವರ್ಷ ಕುಣಿತ ನಿಲ್ಲಿಸಬೇಕಾಯಿತು. ತಮ್ಮ ಉದ್ದವಾಗಲಿ ಅಂತ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ!

ಆಮೇಲೆ 1920ರ ದಶಕದಲ್ಲಿ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇ, ಲಂಡನ್ ಎರಡೂ ಇವರ ಕೈಯಲ್ಲಿತ್ತು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ, ಸೈಕಲ್ ಹ್ಯಾಂಡಲ್ ಹಿಡಿದವರಂತೆ ಕೈ ಚಾಚಿ, ರಂಗದ ಸುತ್ತ ಓಡುತ್ತಿದ್ದರು. ಸುತ್ತು ದೊಡ್ಡದಾಗುತ್ತಾ ಹೋಗಿ, ಹಾಗೇ ಪರದೆಯ ಹಿಂದೆ ಮಾಯ. ಮೇಲ್ನೋಟಕ್ಕೆ ಏನೂ ಇಲ್ಲದ ಆಟ. ಜನ ಹುಚ್ಚೆದ್ದು ನಗುತ್ತಿದ್ದರು, ಅದಕ್ಕೆ ಕಾರಣ ಅಡೆಲ್ ಮುಖ. ಫ್ರೆಡ್ ಸದಾ ಚಿಂತೆಯ ಮನುಷ್ಯ, ಇನ್ನೊಂದು ಸಲ, ಇನ್ನೊಂದು ಸಲ ಅಂತ ಅಭ್ಯಾಸ. ಅಕ್ಕ ಅವನಿಗೆ 'ಗೋಳು ಮಿನ್ನಿ' ಅಂತ ಅಡ್ಡಹೆಸರಿಟ್ಟಿದ್ದಳು. 1932ರಲ್ಲಿ ಆಕೆ ಇಂಗ್ಲಿಷ್ ಪ್ರಭುವಿನ ಮನೆತನದ ಹುಡುಗನನ್ನು ಮದುವೆಯಾಗಿ ಐರ್ಲೆಂಡಿನ ಲಿಸ್ಮೋರ್ ಕೋಟೆಮನೆಗೆ ಹೊರಟರು. ಮರುವರ್ಷ ಫ್ರೆಡ್ ಸಿನಿಮಾಗೆ ಬಂದರು. ಅಡೆಲ್ ಹಾಡಿದ ಒಂದಷ್ಟು ರೆಕಾರ್ಡುಗಳಿವೆ. ಅವರ ಕುಣಿತ ಹಿಡಿದಿಟ್ಟ ಟಾಕಿ ಚಿತ್ರ ಒಂದೂ ಇಲ್ಲ. ಆ ಕಾಲದಲ್ಲಿ ಜಾಸ್ತಿ ಚಪ್ಪಾಳೆ ಬೀಳುತ್ತಿದ್ದದ್ದು ಅಕ್ಕನಿಗೆ. ಕ್ಯಾಮೆರಾಗೆ ಸಿಕ್ಕದ್ದು ತಮ್ಮ. ನಾವೂ ಕ್ಯಾಮೆರಾ ನಂಬಿ ಬರೆದೆವು.

ಇನ್ನೊಂದು ಜೋಡಿ ಗ್ರೆಗರಿ ಹೈನ್ಸ್ ಮತ್ತು ಅಣ್ಣ ಮಾರಿಸ್. ಚಿಕ್ಕಂದಿನಿಂದ ಜೊತೆಗೆ ಕುಣಿದವರು, ಮುಂದೆ ಅಪ್ಪನೂ ಡ್ರಮ್ ಹಿಡಿದು ತಂಡ ಸೇರಿದ್ದರು. 1973ರಲ್ಲಿ ಗ್ರೆಗರಿ ಹೊರಬಂದರು. 1984ರಲ್ಲಿ ಇಬ್ಬರೂ 'ದಿ ಕಾಟನ್ ಕ್ಲಬ್' ಚಿತ್ರದಲ್ಲಿ ಬೇರೆಯಾದ ಟ್ಯಾಪ್ ಅಣ್ಣತಮ್ಮನ ಪಾತ್ರ ಮಾಡಿದರು. ಕುಣಿಯುತ್ತಲೇ ಮತ್ತೆ ಒಂದಾಗುವ ದೃಶ್ಯ ಅದರಲ್ಲಿದೆ. ಅದನ್ನೂ ಮೊಮ್ಮಗಳಿಗೆ ಹುಡುಕಲು ಹೇಳಿ.

ಅವಳ ಕಲಿಕೆ ವಿಷಯಕ್ಕೆ ಬರೋಣ. ಟ್ಯಾಪಿನಲ್ಲಿ ಗೆಜ್ಜೆ ಇಲ್ಲ. ಶೂ ಅಡಿಯಲ್ಲಿ ಬೆರಳ ಕಡೆ ಒಂದು, ಹಿಮ್ಮಡಿ ಕಡೆ ಒಂದು ಲೋಹದ ತಗಡು, ಅಷ್ಟೇ. 1740ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಗುಲಾಮರು ಡ್ರಮ್ ಬಾರಿಸಬಾರದೆಂದು ಕಾನೂನೇ ಮಾಡಿದರು. ವಾದ್ಯ ಕಿತ್ತುಕೊಂಡರೆ ಕೈಕಾಲೇ ವಾದ್ಯವಾಯಿತು. ಅದಕ್ಕೆ ಐರಿಶ್ ಜನರ ಕುಣಿತ, ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿ ಕೆಲಸಗಾರರ ಮರದ ಪಾದರಕ್ಷೆಯ ಕುಣಿತ ಸೇರಿ ಟ್ಯಾಪ್ ಆಯಿತು. ಹಾಗಾಗಿ ಮೊದಲು ಕಿವಿ ಕಲಿಯಬೇಕು. ತಾಳ ಕೂತರೆ ಕಾಲು ನಿಧಾನಕ್ಕೆ ಬರುತ್ತದೆ. ಕಾಲು ಚಾಚಿ ಬೀಳುವ ಆ ಸ್ಪ್ಲಿಟ್, ಮೆಟ್ಟಿಲು ಸದ್ಯಕ್ಕೆ ಬೇಡವೇ ಬೇಡ. ಫಯಾರ್ಡ್ ಅವರಿಗೇ ಮುಂದೆ ಸಂಧಿವಾತ ಬಂದು ಸೊಂಟದ ಕೀಲು ಬದಲಿಸಬೇಕಾಯಿತು.

ಒಂದು ಪ್ಲೈವುಡ್ ಹಲಗೆ ತಂದು ಅದರ ಮೇಲೆ ಕುಣಿಯಲು ಬಿಡಿ. ಗ್ರಾನೈಟ್, ಟೈಲ್ಸ್ ಮೇಲೆ ತಗಡಿನ ಶೂ ಜಾರುತ್ತದೆ, ಗೀರೂ ಬೀಳುತ್ತದೆ. ಆಗ ಮನೆಯಲ್ಲಿ ಬೈಸಿಕೊಳ್ಳುವುದು ಅವಳಲ್ಲ, ಮೇಷ್ಟ್ರೇ, ನೀವು.

– ಸಂಪಾದಕ