ಥರ್ಮಾಕೋಲ್ ಹಚ್ಚಿದ್ರ ಸೌಂಡ್ ನಿಲ್ಲಂಗಿಲ್ರಿ, ಮೊದಲ ಬಾಗಲಾ ನೋಡ್ರಿ

ಪ್ರಶ್ನೆ: ಸರ್, ನಮ್ಮದು ವಿಜಯಪುರ. ಮ್ಯಾಲಿನ ಮಹಡಿ ಒಳಗ 16 ಬೈ 12 ಫುಟ್ ಖೋಲಿ ಅದ, ಹೋಮ್ ಥಿಯೇಟರ್ ಮಾಡಬೇಕಂತ ಪ್ರೊಜೆಕ್ಟರ್, 5.1 ಸ್ಪೀಕರ್, ಸಬ್‌ವೂಫರ್ ಎಲ್ಲಾ ತಂದಿಟ್ಟೀನಿ. ಖೋಲಿ ಬಾಗಲಾ ಹಾಲ್‌ಗೆ ತೆರಿತದ, ಅವ್ವ ಅಲ್ಲೇ ಮಲಗ್ತಾಳ, ಅಕಿಗೆ ಬಿಪಿ ಅದ, ಸ್ವಲ್ಪ ಸಪ್ಪಳಾದ್ರೂ ಎಚ್ಚರಾಗ್ತದ. ಇಂಟೀರಿಯರ್ ಮಾಡಾವ್ರು ಒಬ್ರು ಥರ್ಮಾಕೋಲ್ ಹಚ್ಚಂತಾರ, ಇನ್ನೊಬ್ರು ತತ್ತಿ ಟ್ರೇ ಹಂಗಿರೋ ಫೋಮ್ ಅಂತಾರ, ಅಂಗಡಿಯಾವ ಗ್ಲಾಸ್‌ವೂಲ್‌ಕಿಂತ ರಾಕ್‌ವೂಲ್ ಚಲೋ ಅಂತಾನ (ಒಂದು ಗಾಜು, ಇನ್ನೊಂದು ಕಲ್ಲು ಕರಗಿಸಿ ತೆಗೆದ ಎಳಿಯ ಹತ್ತಿಯಂಥಾ ಹಾಸು). ಯಾವುದು ಹಾಕ್ಲಿ? ಹಾಲ್ ಕಡೆ ಗ್ವಾಡಿ ಅರ್ಧ ಇಟ್ಟಂಗಿದು, ಎರಡೂ ಕಡೆ ಗಿಲಾವ್ ಆಗೇದ.

ಉತ್ತರ: ಅವ್ವನ ನಿದ್ದಿ ವಿಷಯ ಮೊದಲ ಬರದೀರಿ, ಛಲೋ ಮಾಡಿದ್ರಿ, ಯಾಕಂದ್ರ ಖೋಲಿ ಒಳಗ ಸೌಂಡ್ ಚಂದ ಕೇಳಬೇಕು ಅನ್ನೋದು ಒಂದು ಕೆಲಸ, ಸೌಂಡ್ ಹೊರಗ ಹೋಗಬಾರದು ಅನ್ನೋದು ಪೂರಾ ಬ್ಯಾರೇನ ಕೆಲಸ, ಮಂದಿ ಎರಡನ್ನೂ ಕಲಸಿ ರೊಕ್ಕ ಹಾಳು ಮಾಡ್ಕೋತಾರ. ನಿಮ್ಮೂರಾಗ ಗೋಲಗುಮ್ಮಟ ಐತಲ್ರಿ, ಅದನ್ನ ನೆನಸ್ರಿ. ಸುಮಾರು 10 ಫುಟ್ ದಪ್ಪ ಗ್ವಾಡಿ, ಅದನ್ನ ದಾಟಿ ಸೌಂಡ್ ಹೋಗೋ ಮಾತೇ ಇಲ್ಲ, ಆದ್ರ ಒಳಗ ಕಲ್ಲು ಗಿಲಾವ್ ಬಿಟ್ರ ಸೌಂಡ್ ಹೀರಾಕ ಏನೂ ಇಲ್ಲ, ಅದಕ್ಕ ಒಂದ್ಸಲ ಕೂಗಿದ್ರ ಮತ್ತ ಮತ್ತ ಕೇಳ್ತೈತಿ. ತಡಿಯೋದು ಗ್ವಾಡಿ ತೂಕ, ಹೀರೋದು ಹತ್ತಿ, ಉಣ್ಣಿ, ಗ್ಲಾಸ್‌ವೂಲ್, ರಾಕ್‌ವೂಲ್ ಇಂಥಾ ಮೆತ್ತಗಿನ ಸಾಮಾನು. ಫೋಮ್ ಹಚ್ಚಿದ್ರ ನಿಮಗ ಡೈಲಾಗ್ ಸ್ಪಷ್ಟ ಕೇಳಬಹುದು, ಅವ್ವಗ ಮಾತ್ರ ಮೊದಲಿನಷ್ಟೇ ಸಪ್ಪಳ.

ಥರ್ಮಾಕೋಲ್ ಅಂತೂ ಎರಡೂ ಕೆಲಸಕ್ಕ ಬರಂಗಿಲ್ಲ. ತೂಕಿಲ್ಲ, ಅದಕ್ಕ ತಡಿಯಂಗಿಲ್ಲ, ಒಳಗಿನ ಗುಳ್ಳಿ ಎಲ್ಲಾ ಮುಚ್ಚಿರ್ತಾವ, ಗಾಳಿ ಆಡಂಗಿಲ್ಲ, ಅದಕ್ಕ ಹೀರಂಗೂ ಇಲ್ಲ. ಮ್ಯಾಲ ಬೆಂಕಿ ಭಯ. ಫೋಮ್ ಹತ್ತಿದ್ರ ಬರೋ ಹೊಗಿ ವಿಷ, ಕಿಡಕಿ ಮುಚ್ಚಿದ ಖೋಲಿ ಒಳಗ ಆಂಪ್ಲಿಫೈಯರ್, ವೈರಿಂಗ್ ಎಲ್ಲಾ ಇಟ್ಕೊಂಡು ಗ್ವಾಡಿ ತುಂಬ ಅದನ್ನ ಹಚ್ಚೋದು ನನಗ ಬಿಲ್ಕುಲ್ ಒಪ್ಪಿಗಿ ಇಲ್ರಿ, ಯಾರು ಹೇಳಿದ್ರೂ ಬ್ಯಾಡ.

ಈಗ ಗ್ವಾಡಿಗೆ ಹೋಗೋಕ್ಕಿಂತ ಮೊದಲ ಒಂದು ಲೆಕ್ಕ ನೋಡ್ರಿ, ನಿಮ್ಮ ರೊಕ್ಕ ಉಳಿಸೋ ಲೆಕ್ಕ ಇದು. ಹಾಲ್ ಕಡೆ ಗ್ವಾಡಿ ಬಾಗಲಾ ಕೂಡಿ 120 ಚದರ ಫುಟ್ ಅನ್ನೋಣ, ಅದರಾಗ ಬಾಗಲಾ 20. ಅರ್ಧ ಇಟ್ಟಂಗಿ ಗಿಲಾವ್ ಗ್ವಾಡಿ ಮಾತಿನಂಥಾ ಸೌಂಡನ್ನ 45 ಡೆಸಿಬಲ್ (ಸಪ್ಪಳ ಅಳಿಯೋ ಮಾಪು) ಹತ್ರ ತಡೀತೈತಿ, ಸಣ್ಣ ಗ್ವಾಡಿ ಅಂತ ಅದನ್ನ ಕೀಳು ಅನ್ಕೋಬ್ಯಾಡ್ರಿ. ಟೊಳ್ಳು ಫ್ಲಶ್ ಡೋರ್ ಕೆಳಗ ಸಂದಿ ಇದ್ರ 20 ತಡದ್ರ ಹೆಚ್ಚು. ಎರಡೂ ಕೂಡಿದ್ರ ಒಟ್ಟು ಎಷ್ಟಾಗ್ತೈತಿ? 28. ಸರಾಸರಿ ಅಲ್ರಿ ಇದು, ಸೌಂಡ್ ನೀರಿನಂಗ, ತೂತಿದ್ದಲ್ಲೇ ಹರೀತೈತಿ. ಈಗ ನೀವು ಲಕ್ಷಗಟ್ಟಲೆ ಹಾಕಿ ಅದೇ ಗ್ವಾಡೀನ 60 ಡೆಸಿಬಲ್ ತಡಿಯಂಗ ಮಾಡಿ ಬಾಗಲಾ ಹಂಗ ಬಿಟ್ರಿ ಅಂದ್ರ ಒಟ್ಟು ಆಗೋದು ಮತ್ತ 28ಏ, ಕೂದಲೆಳಿ ಅಷ್ಟೂ ಸುಧಾರಿಸಂಗಿಲ್ಲ. ಗ್ವಾಡಿ ಮುಟ್ಟದ ಬಾಗಲಾ ಒಂದ 35ಕ್ಕ ತಂದ್ರಿ ಅಂದ್ರ ಒಟ್ಟು 41. 10 ಡೆಸಿಬಲ್ ಕಡಿಮಿ ಆದ್ರ ನಮ್ಮ ಕಿವಿಗೆ ಸಪ್ಪಳ ಅರ್ಧ ಆದಂಗ ಅನಸ್ತೈತಿ, ಅಂದ್ರ 13 ಅಂಬೋದು ದೊಡ್ಡ ಮಾತು.

ಹಂಗಾದ್ರ ಬಾಗಲಾ ಹೆಂಗ ಮಾಡಸೋದು. ಬಡಿಗ್ಯಾರಿಗೆ ಹೇಳಿ ಒಳಗ ಪೂರಾ ಕಟ್ಟಿಗಿ ತುಂಬಿದ ಭಾರೀ ಬಾಗಲಾ ಹಾಕಸ್ರಿ, ಬೆರಳಲೆ ಬಡದ್ರ ಡಬ್ ಡಬ್ ಅನ್ನಬಾರದು. ಚೌಕಟ್ಟಿನ ಮೂರೂ ಕಡೆ ರಬ್ಬರ್ ಗ್ಯಾಸ್ಕೆಟ್. ಇನ್ನ ಕೆಳಗ. ನಮ್ಮ ಹಳೇ ಮನಿಯೊಳಗ ಪ್ರತಿ ಬಾಗಲಕ್ಕ ಹೊಸ್ತಿಲ ಇರತಿತ್ತು, ಈಗ ಒಳಗಿನ ಖೋಲಿಗೆ ಯಾರೂ ಹಾಕಸಂಗಿಲ್ಲ, ಟೈಲ್ಸ್ ಸೀದಾ ಹೋಗ್ತಾವ, ಬಾಗಲಾ ಕೆಳಗ ಅರ್ಧ ಇಂಚ್ ಸಂದಿ. ಥಿಯೇಟರ್ ಖೋಲಿಗೆ ಒಂದು ಹೊಸ್ತಿಲ ಕೂಡಸ್ರಿ, ಬಾಗಲಾ ಬಂದು ರಬ್ಬರ್ ಮ್ಯಾಲೆ ಒತ್ತಿ ಕೂಡಬೇಕು. ಅವ್ವಗ ಎಡವೋ ಭಯ ಇದ್ರ ಬ್ಯಾಡ, ಬಾಗಲಾ ಹಾಕಿದಾಗ ತಾನ ಕೆಳಗಿಳಿಯೋ ಡ್ರಾಪ್ ಸೀಲ್ ಸಿಗ್ತಾವ, ಅದನ್ನ ಹಾಕಸ್ರಿ. ಕೆಲಸ ಮುಗದ ಮ್ಯಾಲೆ ರಾತ್ರಿ ಖೋಲಿ ಒಳಗ ಲೈಟ್ ಹಚ್ಚಿ ಹಾಲ್ ಕತ್ತಲ ಮಾಡಿ ನೋಡ್ರಿ, ಎಲ್ಲಿ ಬೆಳಕ ಕಾಣ್ತೈತಿ ಅಲ್ಲಿ ಸೌಂಡ್ ಬರ್ತೈತಿ. ಸ್ವಿಚ್ ಬೋರ್ಡ್ ಹಿಂದಿನ ತೂತು, ಎಸಿ ಪೈಪ್ ತೂತು ಇವನ್ನೂ ಗಟ್ಟಿ ಆಗದಿರೋ ಸೀಲಂಟ್‌ನಿಂದ ತುಂಬಸ್ರಿ.

ಇದು ನಾನು ಪೆಟ್ಟು ತಿಂದು ಕಲತದ್ದು. ಭಾಳ ವರ್ಷದ ಹಿಂದ ಬಾಗಲಕೋಟಿ ನವನಗರದಾಗ ಒಂದು ಮನಿಗೆ ನಾಕೂ ಗ್ವಾಡಿಗೆ ವೂಲ್ ತುಂಬಿ ಬಟ್ಟಿ ಪ್ಯಾನಲ್ ಹಚ್ಚಿ ಕೊಟ್ಟಿದ್ದೆ, ಒಳಗ ಸೌಂಡ್ ಅಗದೀ ಮಸ್ತ್, ಆದ್ರ ಬಾಜೂ ಖೋಲಿ ಒಳಗ ಮಲಗೋ ಅಜ್ಜಾರು ಮರುದಿನ ಮುಂಜಾನೆ ಏನೂ ಕಡಿಮಿ ಆಗಿಲ್ಲಪಾ ಅಂದ್ರು. ಅವತ್ತಿನಿಂದ ಬಾಗಲಾ ನೋಡದ ನಾನು ಗ್ವಾಡಿ ಮಾತ ಆಡಂಗಿಲ್ಲ.

ಬಾಗಲಾ ಆದ ಮ್ಯಾಲೂ ರೊಕ್ಕ ಇದ್ರ, ಆವಾಗ ಗ್ವಾಡಿ. ಇಟ್ಟಂಗಿ ಗ್ವಾಡಿಯಿಂದ 1 ಇಂಚ್ ಬಿಟ್ಟು, ಗ್ವಾಡಿಗೆ ಎಲ್ಲೂ ತಾಗದಂಗ, ಕೆಳಗ ಮ್ಯಾಲೆ ಮಾತ್ರ ರಬ್ಬರ್ ಪಟ್ಟಿ ಇಟ್ಟು 50 ಎಂಎಂ ಜಿಐ, ಅಂದ್ರ ಸತುವು ಲೇಪಿಸಿದ ತಗಡಿನ ಫ್ರೇಮ್ ನಿಲ್ಲಸ್ರಿ. ಫ್ರೇಮ್ ನಡುವ 50 ಎಂಎಂ ವೂಲ್. ಅದರ ಮ್ಯಾಲೆ 12.5 ಎಂಎಂ ಜಿಪ್ಸಂ ಬೋರ್ಡ್ ಎರಡು ಪದರು, ಒಂದರ ಜೋಡಣಿ ಮ್ಯಾಲೆ ಇನ್ನೊಂದರದ್ದು ಬರಬಾರದು, ಸುತ್ತಲೂ ಸೀಲಂಟ್. ಗ್ಲಾಸ್‌ವೂಲೋ ರಾಕ್‌ವೂಲೋ ಅಂದ್ರ, ಈ ಸಂದಿ ಒಳಗ ಎರಡರ ನಡುವ ಹೇಳಿಕೊಳ್ಳೋ ಫರಕ್ ಇಲ್ರಿ. 32 ಡೆನ್ಸಿಟಿ ಗ್ಲಾಸ್‌ವೂಲ್ ಸಾಕು, ಅಂದ್ರ ಒಂದು ಘನ ಮೀಟರ್‌ಗೆ 32 ಕೆಜಿ, ರಾಕ್‌ವೂಲ್ ಆದ್ರ 48. ಇನ್ನೂ ಹೆಚ್ಚಿನ ಡೆನ್ಸಿಟಿ ಚಲೋ ಅಂತ ಒತ್ತಿ ತುಂಬಸಬ್ಯಾಡ್ರಿ, ಬಿಗಿಯಾಗಿ ತುಂಬಿದ್ರ ವೂಲ್ ತಾನ ಬೋರ್ಡಿಗೂ ಗ್ವಾಡಿಗೂ ಸೇತುವಿ ಆಗಿ ಅದುರು ದಾಟಸ್ತೈತಿ. ರಾಕ್‌ವೂಲ್ ಸಾವಿರ ಡಿಗ್ರಿ ತನಕ ಕರಗಂಗಿಲ್ಲ, ಇಳ್ಕೊಳ್ಳದ ನೆಟ್ಟಗ ನಿಲ್ಲತೈತಿ, ಅದಕ್ಕ ನಾಕು ರೂಪಾಯಿ ಹೆಚ್ಚಾದ್ರೂ ನಾನು ಅದನ್ನೇ ಹಾಕಸ್ತೀನಿ. ಎರಡೂ ಮೈಗೆ ತಾಗಿದ್ರ ತುರಿಕಿ, ಕೆಲಸದಾವ್ರಿಗೆ ಮಾಸ್ಕು, ಕೈಗವಸು ತಪ್ಪದ ಕೊಡ್ರಿ.

ಖರ್ಚು ಉಳಸಾಕ ಒಂದೇ ಬೋರ್ಡು, 1 ಇಂಚ್ ಸಂದಿ ಅಂತ ಮಾಡಸೋರು ಭಾಳ ಮಂದಿ. ಮಾಡಬ್ಯಾಡ್ರಿ. ಬೋರ್ಡು, ನಡುವಿನ ಗಾಳಿ, ಗ್ವಾಡಿ ಮೂರೂ ಕೂಡಿ ಸ್ಪ್ರಿಂಗ್ ಆಗ್ತಾವ, ಹಗರ ಬೋರ್ಡು ಸಣ್ಣ ಸಂದಿ ಇದ್ರ ಆ ಸ್ಪ್ರಿಂಗ್ 120 ಹರ್ಟ್ಸ್ (ಸೆಕೆಂಡಿಗೆ 120 ಸಲ) ಸುತ್ತಮುತ್ತ ಕುಣಿತೈತಿ, ಅದು ಸರೀಗಿ ಬೇಸ್ (ದಪ್ಪ ದನಿ) ಇರೋ ಜಾಗ, ಅಂದ್ರ ಮೊದಲಕಿಂತ ಜಾಸ್ತಿನ ಹೊರಗ ಹೋಗ್ತೈತಿ. ಮ್ಯಾಲೆ ಹೇಳಿದಂಗ ಎರಡು ಬೋರ್ಡು, ಒಟ್ಟು 3 ಇಂಚ್ ಸಂದಿ ಮಾಡಿದ್ರ ಅದು 50 ಹರ್ಟ್ಸ್‌ಗೆ ಇಳೀತೈತಿ.

ಅದಕ್ಕೂ ಕೆಳಗಿನ ಗುಡುಗು ಸಬ್‌ವೂಫರ್‌ದು. 40 ಹರ್ಟ್ಸ್ ಅಲೆ ಒಂದು 28 ಫುಟ್ ಉದ್ದ ಇರ್ತೈತಿ, ನಿಮ್ಮ ಖೋಲಿಗಿಂತ ದೊಡ್ಡದು, 2 ಇಂಚ್ ವೂಲ್ ಅದನ್ನೇನು ಹಿಡೀತೈತ್ರಿ? ಅದು ಸ್ಲ್ಯಾಬಿನಾಗ ಇಳದು ಕೆಳಗಿನ ಮನಿಗೂ ಹೋಗ್ತೈತಿ. ಸಬ್‌ವೂಫರ್ ಕೆಳಗ ದಪ್ಪ ರಬ್ಬರ್ ಇಡ್ರಿ, ಹಾಲ್ ಗ್ವಾಡಿಯಿಂದ ದೂರ ಇಡ್ರಿ, ರಾತ್ರಿ ರಿಸೀವರ್‌ನಾಗ ನೈಟ್ ಮೋಡ್ (ಜೋರ ಸಪ್ಪಳ ತಗ್ಗಿಸೋದು) ಹಾಕ್ರಿ. ಬಾಜೂ ಮನಿಯಾವ್ರ ಸಲುವಾಗೂ ಹೇಳ್ತೀನಿ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಾಗ ವಸತಿ ಏರಿಯಾಕ್ಕ ಹಗಲ 55, ರಾತ್ರಿ 10ರಿಂದ ಮುಂಜಾನೆ 6ರ ತನಕ 45 ಡೆಸಿಬಲ್ ಮಿತಿ ಐತಿ.

ಒಳಗಿನ ಗದ್ದಲಕ್ಕ ಮಾತ್ರ ದೊಡ್ಡ ಖರ್ಚು ಬ್ಯಾಡ. ಕೆಳಗ ಜಮಖಾನಿ, ಹಿಂದಿನ ಗ್ವಾಡಿಗೆ ಅವ್ವ ಹೊಲದ ದಪ್ಪ ಕೌದಿ ಇದ್ರ ಅದು, ನೀವು ಕುಂತ ಜಾಗದಿಂದ ಎರಡೂ ಬಾಜೂ ಗ್ವಾಡಿ ಮ್ಯಾಲೆ ಕನ್ನಡಿ ಸರಿಸಿದಾಗ ಎಲ್ಲಿ ಸ್ಪೀಕರ್ ಕಾಣ್ತೈತಿ ಅಲ್ಲೆ 2 ಇಂಚ್ ವೂಲಿನ ಪ್ಯಾನಲ್. ಬಟ್ಟಿ ಯಾವುದಾದ್ರೂ ಆಗ್ಲಿ, ಗುಳೇದಗುಡ್ಡ ಖಣ ಹಾಕಿ ಮಾಡ್ಸಿದ್ದು ನೋಡೀನಿ, ಭಾಳ ಚಂದ. ಬಾಯಿ ಹಚ್ಚಿ ಊದಿದ್ರ ಗಾಳಿ ಪಾರಾಗಬೇಕು, ಅಷ್ಟ.

ಪ್ರಶ್ನೆ: ಬೆಳಗಾವಿಯಿಂದ. ಪಶ್ಚಿಮ ಗ್ವಾಡಿ ಮಳೆಗಾಲದಾಗ ಹಸಿ ಹಿಡೀತೈತಿ. ವೂಲ್ ಹಾಕಬಹುದಾ?

ಉತ್ತರ: ಈಗ ಬ್ಯಾಡ್ರಿ. ನಿಮ್ಮ ಕಡೆ ಜೂನ್‌ನಿಂದ ಹಿಡದ ಮಳಿ ಬಿಡಂಗಿಲ್ಲ, ತೋಯ್ದ ವೂಲ್ ಭಾರಾಗಿ ಕೆಳಗ ಕುಸೀತೈತಿ, ಮ್ಯಾಲೆ ಖಾಲಿ ಉಳೀತೈತಿ, ಬೋರ್ಡ್ ಹಿಂದ ಬೂಸಲ ಹಿಡದ್ರ ಕಣ್ಣಿಗೂ ಕಾಣಂಗಿಲ್ಲ. ಹೊರಗಿಂದ ಗಿಲಾವ್ ಬಿರುಕು ಮುಚ್ಚಿ ವಾಟರ್‌ಪ್ರೂಫ್ ಮಾಡಿಸಿ, ಒಂದು ಪೂರಾ ಮಳೆಗಾಲ ಗ್ವಾಡಿ ಒಣಾ ಇರೋದು ನೋಡಿ ಆಮ್ಯಾಲೆ ಫ್ರೇಮ್ ನಿಲ್ಲಸ್ರಿ.

ಪ್ರಶ್ನೆ: ಬಾಗಲಕೋಟೆ. ಮಾಳಗಿ ಮ್ಯಾಲಿನ ಪತ್ರಾಸ್ ಶೆಡ್‌ನಾಗ ಥಿಯೇಟರ್ ಮಾಡಿದ್ರ ಹೆಂಗ?

ಉತ್ತರ: ಬ್ಯಾರೆ ಖೋಲಿ ಇದ್ರ ಅಲ್ಲೇ ಮಾಡ್ರಿ. ಪತ್ರಾಸಿಗೆ ತೂಕಿಲ್ಲ, ಒಳಗಿನದು ಹೊರಗ ಹೋಗ್ತೈತಿ, ಮಳಿ ಬಡದ್ರ ಹೊರಗಿನದು ಒಳಗ ಬರ್ತೈತಿ. ಮಾಡಲೇಬೇಕಂದ್ರ ಪತ್ರಾಸಿನಿಂದ ಜೋತುಬಿಡದ, ಗ್ವಾಡಿ ಮ್ಯಾಲೆ ನಿಂತ ಬ್ಯಾರೆ ಫ್ರೇಮಿಗೆ ಎರಡು ಪದರು ಜಿಪ್ಸಂ ಸೀಲಿಂಗ್ ಹಾಕಿ, ಅದರ ಮ್ಯಾಲೆ 4 ಇಂಚ್ ವೂಲ್ ಹಾಸ್ರಿ, ಬ್ಯಾಸಗಿ ಕಾವೂ ಕಡಿಮಿ ಆಗ್ತೈತಿ. ಮೊದಲ ಪತ್ರಾಸಿನ ಮೊಳಿ ತೂತು ಎಲ್ಲಾ ಸೋರದಂಗ ಮಾಡಿಸ್ಕೊಳ್ರಿ, ಜಿಪ್ಸಂಗ ನೀರ ತಾಗಿದ್ರ ಉಳಿಯಂಗಿಲ್ಲ.